ದೂರಕ್ಕೊಂದು ಕಾಲಂ

ಓದುಗ ಮಹಾಶಯರಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈ ಹಿಂದೆ ಇಂಥದೊಂದು ಪ್ರಬಂಧವನ್ನು ಬರೆದವನಲ್ಲ. ಸರ್ಕಾರಿ ಉಗ್ರಾಣದ ಗುಮಾಸ್ತನಾಗಿ ಒಂಬತ್ತು ವರ್ಷಗಳಿಂದ ನಾನು ಬರೆದಿರುವುದೆಲ್ಲ ಬೇಡಿಕೆ ಪತ್ರ, ಜ್ಞಾಪನ, ಮರುಜ್ಞಾಪನ, ಮತ್ತು ಸದರಿ ಮರುಜ್ಞಾಪನಕ್ಕೆ ಉತ್ತರ ಬಾರದಿರುವ ಬಗ್ಗೆ ಮತ್ತೊಂದು ಜ್ಞಾಪನ. ಆದಕಾರಣ ಈ ಬರಹದಲ್ಲಿ ಎಲ್ಲಿಯಾದರೂ ‘ಸದರಿ’, ‘ಮೇಲ್ಕಂಡ’ ಮುಂತಾದ ಪದಗಳು ಕಾಲಿಗೆ ತೊಡರಿದರೆ, ತಾವು ದಯಮಾಡಿ ದಾಟಿಕೊಂಡು ಮುಂದೆ ಬರಬೇಕಾಗಿ ಕೋರುತ್ತೇನೆ. ಬಿಡಲು ನಾನೂ ಪ್ರಯತ್ನಿಸಿದ್ದೇನೆ. ಬಿಟ್ಟಲ್ಲೆಲ್ಲ ವಾಕ್ಯವು ಕೋಲಿಲ್ಲದ ಮುದುಕನಂತೆ ನಿಂತುಬಿಡುತ್ತದೆ.

ವಿಷಯವೇನೆಂದರೆ, ಮನುಷ್ಯನ ತೋಳನ್ನು ಮಾಡುವಾಗ ಬ್ರಹ್ಮನು ಒಂದು ಗೇಣು ಕಡಿಮೆ ಮಾಡಿದ್ದಾನೆಂದು ನನಗೆ ಬಹಳ ಕಾಲದಿಂದ ಅನುಮಾನವಿದೆ. ಉಪ್ಪಿನಕಾಯಿ ಜಾಡಿ ಇರುವುದು ಕೈಗೆ ಸಿಗುವ ಗೂಡಿನಲ್ಲಲ್ಲ, ಅದರ ಮೇಲಿನ ಗೂಡಿನಲ್ಲಿ. ಬೆನ್ನಿನಲ್ಲಿ ತುರಿಕೆ ಬರುವುದು ಯಾವ ಕೈಯೂ ಮುಟ್ಟದ ಜಾಗದಲ್ಲಿ. ಅರಕಲಗೂಡಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ನುಗ್ಗೆಮರವಿತ್ತು. ಅದರ ಒಳ್ಳೆಯ ಕಾಯಿಗಳೆಲ್ಲ ತುದಿಯಲ್ಲೇ ಬಿಡುತ್ತಿದ್ದವು. ಅದಕ್ಕಾಗಿ ನಮ್ಮ ತಂದೆಯವರು ಗೋಡೆಗೆ ಮೂರು ದೋಟಿಗಳನ್ನು ಒರಗಿಸಿಟ್ಟಿದ್ದರು: ಗಿಡ್ಡನೆಯದೊಂದು, ನಡುವಿನದೊಂದು, ಆಕಾಶಕ್ಕೇ ಕೊಕ್ಕೆ ಹಾಕುವಂಥದೊಂದು. ಕಾಯಿ ಕೀಳುವ ದಿನ ಅವರು ಮರದ ಕೆಳಗೆ ನಿಂತು, ಕಣ್ಣು ಕಿರಿದು ಮಾಡಿ, ಕಾಯಿಯನ್ನೂ ತಮ್ಮ ಕಾಲಿರುವ ಜಾಗವನ್ನೂ ಬಾರಿಬಾರಿಗೆ ನೋಡುವರು. ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಕಾಯುತ್ತಿದ್ದ ನಮ್ಮ ತಾಯಿಯವರು, “ನನ್ನ ನೋಡೋಕ್ಕೆ ಬಂದಾಗಲೂ ಇಷ್ಟು ಹೊತ್ತು ನೋಡ್ಲಿಲ್ಲ ಇವರು” ಎನ್ನುವರು. ತಂದೆಯವರು ಜಗ್ಗದೆ ಕೊನೆಗೆ ನಡುವಿನ ದೋಟಿಯನ್ನೇ ಎತ್ತಿಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕಾಯಿಯನ್ನು ಇಳಿಸುವರು. ನಾನಾದರೋ ಯಾವಾಗಲೂ ಎಲ್ಲಕ್ಕಿಂತ ಉದ್ದನೆಯದನ್ನೇ ಹಿಡಿಯುತ್ತಿದ್ದೆ. ಅದರ ತುದಿ ನನ್ನ ಮಾತನ್ನು ಕೇಳದೆ ತೂಗಾಡಿ, ಒಮ್ಮೆ ನೆರೆಮನೆಯ ಹೆಂಚಿಗೂ, ಮತ್ತೊಮ್ಮೆ ಅವರು ಒಣಗಹಾಕಿದ್ದ ಸೀರೆಗೂ ಸಿಕ್ಕಿಕೊಂಡಿತ್ತು. ಆ ಪಾಠವನ್ನು ಅಂದೇ ಕಲಿತಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ.

ಈಗ ಪ್ರಕೃತ ವಿಚಾರಕ್ಕೆ ಬರುತ್ತೇನೆ. ಹೋದ ವರ್ಷ ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ಒಂದು ರಸ್ತೆಯಲ್ಲಿ, ಊರಿಂದ ಕೆಲವು ಮೈಲಿ ಆಚೆ, ಹಳ್ಳವೊಂದಕ್ಕೆ ಸೇತುವೆ ಕಟ್ಟುತ್ತಿದ್ದರು. ಹಳ್ಳದ ಅಗಲ ಮೂವತ್ತನಾಲ್ಕು ಅಡಿ. ಸೇತುವೆಯಿಲ್ಲದ್ದರಿಂದ ಚನ್ನರಾಯಪಟ್ಟಣದ ಬಸ್ಸು ಆ ದಡದಲ್ಲೇ ನಿಂತು ಹಿಂತಿರುಗುತ್ತಿತ್ತು. ನಮ್ಮ ಕಡೆಯ ಬಸ್ಸು ಈ ದಡದಲ್ಲಿ ಕಾಯುತ್ತಿತ್ತು. ಜನರು ಗಂಟುಮೂಟೆಗಳನ್ನು ತಲೆಯ ಮೇಲಿಟ್ಟುಕೊಂಡು ನಡುವೆ ಇಳಿದು ಹತ್ತುತ್ತಿದ್ದರು. ಈ ದಡದ ಮೇಲೆ ತಗಡಿನ ಉಗ್ರಾಣವೊಂದಿತ್ತು. ಅದರ ಬೀಗದ ಕೈಗಳು ನನ್ನ ಸೊಂಟದಲ್ಲಿದ್ದವು. ಅವುಗಳನ್ನು ಲಿಖಿತ ಆಜ್ಞೆಯಿಲ್ಲದೆ ಬೇರೆಯವರ ವಶಕ್ಕೆ ಕೊಡಕೂಡದೆಂದು ನಿಯಮ. ಆದ್ದರಿಂದ ಭಾನುವಾರವೂ ನಾನು ಸಿಮೆಂಟು ಮೂಟೆಗಳ ನಡುವೆ ಕುಳಿತು, ಅವುಗಳ ವಶದಲ್ಲಿ ಇರುತ್ತಿದ್ದೆ.

ಇದರಲ್ಲಿ ಕಷ್ಟವೇನೆಂದರೆ, ನನಗೆ ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ನನ್ನ ಪತ್ನಿ ಕಮಲ ಚನ್ನರಾಯಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ಲೆಕ್ಕ ಹೇಳಿಕೊಡುವವಳು. ಹದಿನಾಲ್ಕು ತಿಂಗಳಲ್ಲಿ ನಾವು ಒಂದೇ ಸೂರಿನಡಿ ಇದ್ದುದು ಹಬ್ಬಗಳಲ್ಲಿ ಮಾತ್ರ, ಅದೂ ಎರಡು ಮನೆಗಳ ನೆಂಟರ ಸಮ್ಮುಖದಲ್ಲಿ. ಅವಳ ಧ್ವನಿ ಹೇಗಿದೆಯೆಂದು ನೆನೆಯಲು ಕುಳಿತರೆ, “ಇನ್ನೊಂದು ಹೋಳಿಗೆ ಹಾಕಲೇ?” ಎಂಬುದೊಂದೇ ವಾಕ್ಯ ಕೇಳಿಸುತ್ತಿತ್ತು. ಸಂಜೆ ಐದರ ಹೊತ್ತಿಗೆ ಚನ್ನರಾಯಪಟ್ಟಣದ ಬಸ್ಸು ಆ ದಡಕ್ಕೆ ಬಂದು ಧೂಳೆಬ್ಬಿಸಿ ನಿಂತಾಗ, ನಾನು ಏನೋ ಕೆಲಸವಿದ್ದವನಂತೆ ಹೊರಗೆ ಬಂದು, ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೆ. ಕಮಲ ಹಬ್ಬಗಳಲ್ಲಿ ಉಡುತ್ತಿದ್ದಂಥ ಹಸಿರು ಸೀರೆಯೊಂದು ಇಳಿದರೆ ಎರಡು ಹೆಜ್ಜೆ ಮುಂದಕ್ಕೆ ಹೋಗುತ್ತಿದ್ದೆ. ಅದು ಸಂತೆಗೆ ಬಂದ ಯಾರೋ ಅಜ್ಜಿಯಾಗಿರುತ್ತಿತ್ತು.

ಪತ್ರವನ್ನಾದರೂ ಮನಬಿಚ್ಚಿ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆಯುತ್ತಿದ್ದೆ. ಆದರೆ ಕೈ ಪಳಗಿದ ರೀತಿಯೇ ಬೇರೆ. “ತಮ್ಮ ದಿನಾಂಕ ಹದಿನೇಳರ ಪತ್ರವು ಕೈಸೇರಿ ವಿಷಯ ವೇದ್ಯವಾಯಿತು. ಇಲ್ಲಿ ಸರ್ವರೂ ಕ್ಷೇಮ” ಎಂದು ಬರೆದು ಮುಗಿಸುವಾಗ, ಇಲ್ಲಿ ಸರ್ವರೆಂದರೆ ನಾನೊಬ್ಬನೇ ಎಂಬುದು ಹೊಳೆಯುತ್ತಿತ್ತು. ಕಮಲ ಅದೇ ಧಾಟಿಯಲ್ಲಿ, “ಮೇಲ್ಕಂಡ ಕ್ಷೇಮವನ್ನು ಇಲ್ಲಿ ದಾಖಲು ಮಾಡಿಕೊಳ್ಳಲಾಗಿದೆ. ಅಡಿಗೆಯನ್ನು ಯಾರು ಮಾಡುತ್ತಾರೆಂಬ ಬಗ್ಗೆ ವರದಿ ಬಂದಿಲ್ಲ” ಎಂದು ಉತ್ತರ ಬರೆಯುತ್ತಿದ್ದಳು. ಅದು ಹಾಸ್ಯವೋ ಸಿಟ್ಟೋ ಎಂದು ತಿಳಿಯದೆ ಒಂದು ವಾರ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಇಂಥ ಸಂದರ್ಭದಲ್ಲಿ ನಮ್ಮ ಓವರ್‌ಸಿಯರ್ ಸಾಹೇಬರು ಒಂದು ದಿನ ಪ್ರಸನ್ನಚಿತ್ತರಾಗಿ, “ನೋಡ್ರೀ, ಈ ನಾಲ್ಕು ತೊಲೆ ಹಳ್ಳದ ಮೇಲೆ ಕೂತ ದಿನ ಇಲ್ಲಿ ಉಗ್ರಾಣದ ಕೆಲಸ ಮುಗೀತು. ವರ್ಗಾವಣೆಗೆ ಅರ್ಜಿ ಈಗ್ಲೇ ಬರೆದಿಡಿ. ಅವತ್ತೇ ಶಿಫಾರಸು ಮಾಡಿ ಅದನ್ನ ಹಾಸನದ ಕಚೇರಿಗೆ ಕಳಿಸ್ತೀನಿ” ಎಂದರು. ನಾನು ಆ ಕ್ಷಣವೇ ಅಚ್ಚಿನ ನಮೂನೆಯನ್ನು ತೆಗೆದು, ಹೆಸರು, ಹುದ್ದೆ, ಸ್ವಂತ ಊರು, ಸೇವೆಯ ಅವಧಿ, ಕಾರಣ ಎಂಬ ಕಾಲಂಗಳನ್ನು ಮುತ್ತಿನಂಥ ಅಕ್ಷರಗಳಲ್ಲಿ ತುಂಬಿ, ಕಾರಣದ ಎದುರಿಗೆ ‘ಕೌಟುಂಬಿಕ’ ಎಂದು ಬರೆದು, ಅವರ ಕೈಗೆ ಒಪ್ಪಿಸಿದೆ. ಅಂದಿನಿಂದ ಆ ನಾಲ್ಕು ಕಬ್ಬಿಣದ ತೊಲೆಗಳು ನನ್ನ ಕಣ್ಣಿಗೆ ನಾಲ್ಕು ಬಾಗಿಲುಗಳಂತೆ ಕಾಣತೊಡಗಿದವು. ಒಂದೊಂದೂ ನಲವತ್ತು ಅಡಿ ಉದ್ದ, ಎರಡು ಟನ್ನಿಗೆ ಸ್ವಲ್ಪ ಕಡಿಮೆ ತೂಕ. ಮಳೆಗಾಲಕ್ಕೆ ಉಳಿದಿದ್ದುದು ಒಂದೂವರೆ ತಿಂಗಳು. ಹಳ್ಳ ತುಂಬಿತೆಂದರೆ ಮತ್ತೆ ದೀಪಾವಳಿ ಕಳೆಯುವವರೆಗೆ ತೊಲೆಯೂ ಅಲ್ಲೇ, ನಾನೂ ಅಲ್ಲೇ.

ತೊಲೆ ಎತ್ತುವ ಯಂತ್ರವನ್ನು ಆರಿಸಿ ಬೇಡಿಕೆ ಪತ್ರ ಬರೆಯುವ ಹೊಣೆ ನನ್ನದಾಯಿತು. ಹಾಸನದಿಂದ ಯಂತ್ರಗಳ ಚಿತ್ರಗಳಿದ್ದ ದಪ್ಪ ಪುಸ್ತಕವೊಂದು ಬಂದಿತು. ಹೊಸ ಮದುವೆಗೆ ಸೀರೆ ಆರಿಸುವವರಂತೆ ನಾನು ಅದರ ಹಾಳೆಗಳನ್ನು ತಿರುವಿ ತಿರುವಿ ನೋಡಿದೆ. ಮೂರು ಕಾಲಿನ ಕುಳ್ಳ ಯಂತ್ರಗಳಿದ್ದವು. ಒಂಟಿ ಕಂಬಕ್ಕೆ ರಾಟೆ ಕಟ್ಟಿದ ಬಡ ಯಂತ್ರಗಳಿದ್ದವು. ಕೊನೆಯ ಹಾಳೆಯಲ್ಲಿ ಗಾಲಿಗಳ ಮೇಲೆ ಕುಳಿತ, ಮೂವತ್ತು ಅಡಿ ಉದ್ದದ ಕಬ್ಬಿಣದ ತೋಳನ್ನು ಆಕಾಶಕ್ಕೆ ಚಾಚಿದ ಕೈಕ್ರೇನು ಇತ್ತು. ಅದನ್ನು ಕಂಡಾಗ ನನಗೆ ನುಗ್ಗೆಮರದ ಉದ್ದ ದೋಟಿ ಕಂಡಷ್ಟೇ ಸಂತೋಷವಾಯಿತು. ಅಂಥ ತೋಳಿದ್ದರೆ ತೊಲೆಯನ್ನೇಕೆ, ಚನ್ನರಾಯಪಟ್ಟಣದಿಂದ ಬೇಕಾದ್ದನ್ನು ಎತ್ತಿ ತಂದು ಈ ದಡದಲ್ಲಿ ಇಳಿಸಬಹುದೆನ್ನಿಸಿತು. ಬೇಡಿಕೆ ಪತ್ರದಲ್ಲಿ ಸಾಮಾನಿನ ಹೆಸರು, ಸಂಖ್ಯೆ, ಎತ್ತಬೇಕಾದ ತೂಕ ಎಂಬ ಮೂರು ಕಾಲಂಗಳಿದ್ದವು. ಮೂರನ್ನೂ ತುಂಬಿದೆ: ಕ್ರೇನು, ಒಂದು, ಎರಡು ಟನ್. ಎಷ್ಟು ದೂರಕ್ಕೆ ಚಾಚಿ ಎತ್ತಬೇಕೆಂಬುದಕ್ಕೆ ಕಾಲಂ ಇರಲಿಲ್ಲ. ಕಾಲಂ ಇಲ್ಲದ ಸಂಗತಿಯನ್ನು ಬರೆಯುವುದು ನಮ್ಮ ವೃತ್ತಿಯಲ್ಲಿ ಅಶಿಸ್ತು. ಬರೆಯದೆ ಬರೆಯದೆ, ಕಾಲಂ ಇಲ್ಲದ ಸಂಗತಿಯು ಲೋಕದಲ್ಲೇ ಇಲ್ಲವೆಂಬ ನಂಬಿಕೆಯೂ ಬಂದುಬಿಡುತ್ತದೆ.

ಕ್ರೇನು ಲಾರಿಯ ಮೇಲೆ ಬಂದ ದಿನ ಸುತ್ತಲ ಹಳ್ಳಿಗಳ ಜನ ನೆರೆದರು. ನಾನು ಒಗೆದ ಅಂಗಿ ಹಾಕಿಕೊಂಡಿದ್ದೆ. ತೋಳನ್ನು ಮೇಲಕ್ಕೆತ್ತಿ ನಿಲ್ಲಿಸಿ, ಕೈಹಿಡಿ ತಿರುಗಿಸಿದಾಗ, ಮೊದಲನೆಯ ತೊಲೆ ಹತ್ತಿಯ ಮೂಟೆಯಂತೆ ಹಗುರಾಗಿ ಎದ್ದಿತು. ಜನ ಕೇಕೆ ಹಾಕಿದರು. ಓವರ್‌ಸಿಯರ್ ಸಾಹೇಬರು ನನ್ನ ಕಡೆ ನೋಡಿ ತಲೆದೂಗಿದರು. ಒಂಬತ್ತು ವರ್ಷಗಳ ಸೇವೆಯಲ್ಲಿ ಅದೊಂದೇ ಸಲ. ಅನಂತರ ತೊಲೆಯನ್ನು ಹಳ್ಳದ ನಡುವಿಗೆ ಒಯ್ಯಲು ತೋಳನ್ನು ಮುಂದಕ್ಕೆ ಬಾಗಿಸತೊಡಗಿದರು. ತೋಳು ಬಾಗಿದಂತೆಲ್ಲ ಕ್ರೇನಿನ ಹಿಂದಿನ ಗಾಲಿಗಳು, ಅವಮಾನವಾದವರು ಪಂಕ್ತಿಯಿಂದ ಏಳುವಂತೆ, ಮೆಲ್ಲನೆ ನೆಲ ಬಿಟ್ಟು ಎದ್ದವು.

“ಹಿಂದ್ಗಡೆ ಹೋಗಿ ಕೂತ್ಕೊಳ್ರೋ ಎಲ್ಲಾರೂವೆ!” ಎಂದು ಸಾಹೇಬರು ಕೂಗಿದರು. ಆರು ಜನ ಕೂಲಿಯವರು ಹಾರಿ ಕುಳಿತರು. ಸಾಲಲಿಲ್ಲ. “ನೀವೂ ಕೂತ್ಕೊಳ್ರೀ, ಏನ್ ನೋಡ್ತಿದ್ದೀರಿ!” ಎಂದರು. ಬೀಗದ ಕೈಗಳ ಸಮೇತ ನಾನೂ ಹತ್ತಿ ಕುಳಿತೆ. ಒಂದು ಕ್ಷಣ ಎಲ್ಲವೂ ನಿಂತಂತಾಯಿತು. ತೋಳು ಇನ್ನೊಂದು ಗೇಣು ಬಾಗಿತು. ನಾವು ಏಳು ಮಂದಿಯೂ ಸಾಲಾಗಿ, ಪಲ್ಲಕ್ಕಿ ಉತ್ಸವದವರಂತೆ, ಗಂಭೀರವಾಗಿ ಆಕಾಶಕ್ಕೇರಿದೆವು. ಅಷ್ಟು ಎತ್ತರದಿಂದ ನನಗೆ ಆ ದಡದ ರಸ್ತೆ ಬಹಳ ದೂರದವರೆಗೆ, ಚನ್ನರಾಯಪಟ್ಟಣದ ದಿಕ್ಕಿನಲ್ಲಿ ಬೆಳ್ಳಗೆ ಕಾಣಿಸಿತು. ಪುಣ್ಯಕ್ಕೆ ತೊಲೆಯ ಮೂತಿ ಈ ದಡದ ಇಳಿಜಾರಿಗೇ ತಾಗಿ ನಿಂತಿತು. ಯಾರಿಗೂ ಏನೂ ಆಗದೆ ಒಬ್ಬೊಬ್ಬರಾಗಿ ಜಿಗಿದೆವು. ನೆರೆದಿದ್ದವರಲ್ಲಿ ಒಬ್ಬಾಕೆ, “ಇನ್ನೊಂದ್ ದಪ ಏಳ್ಸಿ ಸಾಮಿ, ನಮ್ಮತ್ತೇನೂ ಕೂರುಸ್ತೀನಿ” ಎಂದಳು.

ಆಮೇಲೆ ನೋಡಿದರೆ, ಯಂತ್ರದ ಮೈಮೇಲೆಯೇ ತಗಡೊಂದರಲ್ಲಿ ಎಲ್ಲವನ್ನೂ ಕೆತ್ತಿದ್ದರು: ಹತ್ತು ಅಡಿ ದೂರಕ್ಕೆ ಎರಡು ಟನ್, ಇಪ್ಪತ್ತು ಅಡಿ ದೂರಕ್ಕೆ ಅರ್ಧ ಟನ್ನು. ಪುಸ್ತಕದಲ್ಲೂ ಅದೇ ಇತ್ತು. ನಾನು ಮೊದಲನೆಯ ಸಾಲನ್ನು ಮಾತ್ರ ಓದಿದ್ದೆ. ಕಟ್ಟಾಯದ ಕಡೆಯ ದೊಡ್ಡಯ್ಯನೆಂಬ ಮೇಸ್ತ್ರಿ, ಎಲೆಅಡಿಕೆ ಅಗಿಯುತ್ತ ನನ್ನ ಪಕ್ಕಕ್ಕೆ ಬಂದು ನಿಂತನು.

“ಅಲ್ಲ ಸಾ, ಎಷ್ಟ್ ತೂಕ ಎತ್ಬೇಕು ಅಂತ ಬರುದ್ರಿ. ಎಷ್ಟ್ ದೂರ್ದಾಗೆ ಇಡ್ಬೇಕು ಅಂತ ಬರೀನಿಲ್ವಾ?”

“ಅದಕ್ಕೆ ಕಾಲಂ ಇರಲಿಲ್ಲ ದೊಡ್ಡಯ್ಯ.”

ಅವನು ನನ್ನನ್ನು ಕನಿಕರದಿಂದ ನೋಡಿದನು. “ನಮ್ಮಪ್ಪ ಏತದ ಮ್ಯಾಲೆ ನಡ್ಯೋನು ಸಾ, ಬಾವಿ ನೀರೆತ್ತಕ್ಕೆ. ಮನುಷ ಅವ್ನೇ, ತೂಕ ಅದೇಯ. ಆದ್ರೆ ಮರದ್ ಮ್ಯಾಲೆ ಒಂದೆಜ್ಜೆ ಮುಂದುಕ್ ಇಟ್ಟ ಅನ್ನಿ, ಮರ ಅಂಗೇ ಕೆಳುಕ್ಕೋಯ್ತಿತ್ತು. ದೂರ ಓದಂಗೂವೆ ಎಲ್ಲಾ ಬಾರ ಆಯ್ತದೆ ಕಣ್ ಸಾ.”

ಈ ಕೊನೆಯ ಮಾತನ್ನು ಅವನು ಏತದ ವಿಷಯವಾಗಿಯೇ ಹೇಳಿದ್ದನು. ಆದರೂ ನಾನು ಉಗ್ರಾಣದೊಳಕ್ಕೆ ಹೋಗಿ, ಬೆಳಿಗ್ಗೆ ಎಣಿಸಿದ್ದ ಸಿಮೆಂಟು ಮೂಟೆಗಳನ್ನೇ ಇನ್ನೊಮ್ಮೆ ಎಣಿಸಿದೆ.

“ಮತ್ತೆ ಏನು ಮಾಡೋಣಯ್ಯ?” ಎಂದು ಸಾಹೇಬರು ಕೇಳಿದಾಗ ದೊಡ್ಡಯ್ಯ ಆ ದಡದ ಕಡೆ ಕೈ ತೋರಿಸಿದನು. “ಎಲ್ಲಾನೂವೆ ಈ ದಡದಿಂದ್ಲೇ ಮಾಡ್ತೀನಿ ಅಂದ್ರೆ ಎಂಗಾದಾತು ಬುದ್ಧಿ? ಈ ಕಡೀಕೊಂದು ಆ ಕಡೀಕೊಂದು ಸರ್ವೆ ಕಂಬ ನಿಲ್ಸುವ. ಎಲ್ಡಕ್ಕೂ ಚೈನ್ ರಾಟೆ ಕಟ್ಟುವ. ಇಲ್ಲಿಂದ ದಿಮ್ಮಿ ಮ್ಯಾಲೆ ಉಳ್ಳುಸ್ಕಂಡು ನಾವ್ ತಳ್ಳುವ, ಅಲ್ಲಿಂದ ಅವ್ರು ಎತ್ತಿಡ್ಕಂಡು ಎಳೀಲಿ. ಉದ್ದನ್ ತೋಳು ಯಾಕ್ ಬೇಕು, ಆ ಕಡೀಲಿ ಒಂದು ಕೈ ಇದ್ರೆ?” ಚೈನ್ ರಾಟೆಗಳು ಎಲ್ಲಿ ಸಿಗುತ್ತವೆಂದು ಸಾಹೇಬರು ಚಿಂತಿಸತೊಡಗಿದರು. ಇಲ್ಲಿ ನಾನು ನಾಚಿಕೆಯಿಂದ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ರಾಟೆಗಳೆರಡೂ ನನ್ನ ಉಗ್ರಾಣದಲ್ಲಿಯೇ, ಸಿಮೆಂಟು ಮೂಟೆಗಳ ಹಿಂದೆ, ನನ್ನದೇ ಕೈಬರಹದ ಚೀಟಿ ಅಂಟಿಸಿಕೊಂಡು ಒಂದು ವರ್ಷದಿಂದ ಕುಳಿತಿದ್ದವು. ಕುಳ್ಳಗಿದ್ದವೆಂದು ನಾನು ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ವಾರ ಕಮಲಳಿಗೆ ಬರೆದ ಪತ್ರದಲ್ಲಿ ಕ್ರೇನಿನ ವೃತ್ತಾಂತವನ್ನೆಲ್ಲ ಕ್ರಮಬದ್ಧವಾಗಿ ವರದಿ ಮಾಡಿದೆ. ‘ಇಲ್ಲಿ ಸರ್ವರೂ ಕ್ಷೇಮ’ ಎಂದೂ ಬರೆದೆ. ಸಹಿ ಮಾಡಿದ ಮೇಲೆ ಕೈ ಯಾಕೋ ನಿಲ್ಲಲಿಲ್ಲ. ಕಾಗದವನ್ನು ಅಡ್ಡ ತಿರುಗಿಸಿ, ಅಂಚಿನಲ್ಲಿ, ಏನನ್ನೂ ಬರೆಯಬಾರದೆಂದು ಬಿಡುವ ಆ ಖಾಲಿ ಜಾಗದಲ್ಲಿ, “ದೂರ ಬಹಳವಾಗಿದೆ” ಎಂದು ಎರಡೇ ಪದಗಳ ಒಂದು ವಾಕ್ಯವನ್ನು ಬರೆದೆ. ಅಂಚೆಪೆಟ್ಟಿಗೆಗೆ ಹಾಕಿದ ಮೇಲೆ, ಹೀಗೆ ನಮೂನೆ ಮೀರಿ ಬರೆದದ್ದಕ್ಕೆ ಅವಳು ಏನೆಂದುಕೊಳ್ಳುವಳೋ ಎಂದು ಮೂರು ದಿನ ಊಟ ಸೇರಲಿಲ್ಲ. ಉತ್ತರವೂ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕಂಬಗಳು ನಿಂತವು. ಮೊದಲನೆಯ ತೊಲೆಯನ್ನು ದಿಮ್ಮಿಗಳ ಮೇಲೆ ಇಟ್ಟು ತಳ್ಳತೊಡಗಿದೆವು. ದೊಡ್ಡಯ್ಯ ಆ ದಡದಲ್ಲಿ ಸರಪಳಿಯ ಬಳಿ ನಿಂತು, “ಬರ್ಲಿ, ಬರ್ಲಿ, ಇನ್ನೊಂಚೂರು” ಎನ್ನುತ್ತಿದ್ದನು. ತೊಲೆಯ ಮೂತಿ ಹಳ್ಳದ ಮೇಲೆ ಗಾಳಿಯಲ್ಲಿ ಚಾಚಿ, ಆ ಕಡೆಯ ಸರಪಳಿಗೆ ಜೋತು, ಗೇಣುಗೇಣಾಗಿ ಮುಂದೆ ಸಾಗಿ, ಹನ್ನೊಂದು ಗಂಟೆಯ ಹೊತ್ತಿಗೆ ಠಣ್ಣೆಂದು ಆ ದಡದ ಕಲ್ಲಿನ ಮೇಲೆ ಕುಳಿತಿತು. ಎಲ್ಲರೂ ಕೂಗಿದರು. ಧೂಳು ಇಳಿದಾಗ ನಾನು ನೋಡಿದೆ: ದೊಡ್ಡಯ್ಯನ ಹಿಂದೆ, ಬೆಳಗಿನ ಬಸ್ಸಿನಿಂದ ಇಳಿದವರ ಸಾಲಿನಲ್ಲಿ, ಹಸಿರಲ್ಲದ, ನಾನು ಎಂದೂ ಕಾಯದಿದ್ದ ಬೂದುಬಣ್ಣದ ಸೀರೆಯಲ್ಲಿ, ಎಡಗೈಯಲ್ಲಿ ಊಟದ ಡಬ್ಬಿ ಹಿಡಿದು ಕಮಲ ನಿಂತಿದ್ದಳು.

“ಸಾ, ಅಮ್ಮಾವ್ರು ಬಂದವ್ರೆ!” ಎಂದು ದೊಡ್ಡಯ್ಯ ಕೂಗಿದನು. “ಇದುಕ್ಕೂ ಬೇಡಿಕೆ ಪತ್ರ ಬರೀತೀರೋ, ಎಂಗೆ?”

ಅನಂತರ ನಾನು ಮಾಡಿದ್ದನ್ನು ಯಾವ ನಿಯಮದ ಅಡಿಯಲ್ಲಿ ಮಾಡಿದೆನೆಂದು ಹೇಳಲಾರೆ. ಬೀಗದ ಕೈಗಳನ್ನು ಲಿಖಿತ ಆಜ್ಞೆಯಿಲ್ಲದೆ ಓವರ್‌ಸಿಯರ್ ಸಾಹೇಬರ ಅಂಗೈಯಲ್ಲಿಟ್ಟು, ಪಂಚೆ ಎತ್ತಿಕಟ್ಟಿ, ಆಗತಾನೆ ಕುಳಿತ ಆ ತೊಲೆಯ ಮೇಲೆ ಕುದುರೆ ಹತ್ತಿದವನಂತೆ ಎರಡೂ ಕಡೆ ಕಾಲು ಇಳಿಬಿಟ್ಟು ಕುಳಿತು, ಎರಡೂ ಕೈ ಊರಿಕೊಂಡು ಮುಂದೆ ಮುಂದೆ ಜರುಗತೊಡಗಿದೆ. ಕಬ್ಬಿಣ ಬಿಸಿಲಿಗೆ ಕಾದಿತ್ತು. ನಡುಮಧ್ಯದಲ್ಲಿ ತೊಲೆ ಸ್ವಲ್ಪ ಅದುರಿತು. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ಎರಡು ದಡದವರೂ ನೋಡುತ್ತಿದ್ದರು. ಕೊನೆಗೂ ಆ ದಡ ಮುಟ್ಟಿ, ದೊಡ್ಡಯ್ಯನ ಕೈ ಹಿಡಿದು ಎದ್ದು, ಅಂಗಿಯ ತುಕ್ಕನ್ನು ಕೊಡವಿಕೊಂಡು, ಅವಳ ಎದುರು ನಿಂತೆ.

ಕಮಲ ನನ್ನನ್ನು ನೋಡಿದಳು, ಹಳ್ಳವನ್ನು ನೋಡಿದಳು. “ಅಲ್ಲಾ ರೀ,” ಎಂದಳು, “ಕೆಳಗೆ ಪಾದ ಮುಳುಗೋಷ್ಟೂ ನೀರಿಲ್ವಲ್ಲ. ಇಳಿದು ಬರಬಾರದಾಗಿತ್ತೇ?”

ಜನರೆಲ್ಲ ನಕ್ಕರು. ನಿಜವಾಗಿಯೂ ಇರಲಿಲ್ಲ. ಅಜ್ಜಿಯರೂ ಕುರಿಗಳೂ ದಿನವೂ ದಾಟುತ್ತಿದ್ದ ಹಳ್ಳವದು. ಒಂದು ವರ್ಷ ನಾನು ಅದರ ದಡದಲ್ಲಿ ಕುಳಿತು ಸೇತುವೆಗಾಗಿ ಕಾದಿದ್ದೆ. “ನೀನಾದರೂ ಮೊದಲೇ ಬರಬಹುದಿತ್ತು” ಎಂದು ಮೆಲ್ಲಗೆ ಹೇಳಿದೆ. “ನೀವು ಕ್ಷೇಮವಾಗಿದ್ದೀರಿ ಅಂತ ಪ್ರತಿ ಸಲವೂ ಬರೀತಿದ್ರಲ್ಲ. ಕ್ಷೇಮವಾಗಿರೋರನ್ನ ಯಾಕೆ ತೊಂದರೆಪಡಿಸೋದು ಅಂತ ಸುಮ್ಮನಿದ್ದೆ. ಅಂಚಿನಲ್ಲಿ ಬರೆದದ್ದನ್ನ ಓದಿದ ಮೇಲೆ ಬಸ್ಸಿನ ಹೊತ್ತು ವಿಚಾರಿಸಿದೆ” ಎಂದಳು. ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಸಂಜೆಯ ಬಸ್ಸಿಗೆ ಅವಳು ಹೊರಟುಹೋದಳು. ಈ ಸಲ ಇಳಿಯುವವರನ್ನಲ್ಲದೆ ಹತ್ತುವವರನ್ನೂ ನೋಡಬೇಕಾಯಿತು. ಅದು ಹೆಚ್ಚು ಕಷ್ಟದ ಕೆಲಸವೆಂದು ತಿಳಿಯಿತು.

ಮಳೆಗೆ ಮೊದಲೇ ನಾಲ್ಕು ತೊಲೆಗಳೂ ಕುಳಿತವು. ಓವರ್‌ಸಿಯರ್ ಸಾಹೇಬರು ಮಾತಿಗೆ ತಪ್ಪುವವರಲ್ಲ. ಅರ್ಜಿಯನ್ನು ಅದೇ ದಿನ ಬಲವಾದ ಶಿಫಾರಸಿನೊಡನೆ ಕಳುಹಿಸಿದರು. ಮೂರೇ ವಾರದಲ್ಲಿ ಆಜ್ಞೆ ಬಂದಿತು. ಕೌಟುಂಬಿಕ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ನನ್ನನ್ನು ನನ್ನ ಸ್ವಂತ ಊರಾದ ಅರಕಲಗೂಡಿಗೆ ವರ್ಗಾಯಿಸಲಾಗಿತ್ತು. ಕಾಗದವನ್ನು ಹಿಡಿದು ನಿಂತಿದ್ದ ನನ್ನನ್ನು ಕಂಡು ಸಾಹೇಬರು, “ಯಾಕ್ರೀ, ಮುಖ ಹಾಗೆ? ಚನ್ನರಾಯಪಟ್ಟಣ ಬೇಕೂಂತ ಬರೀಬೇಕಾಗಿತ್ತಲ್ವೇನ್ರೀ?” ಎಂದರು. ಎಲ್ಲಿಗೆ ಬೇಕೆಂಬುದಕ್ಕೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಅರ್ಜಿ ಬರೆದದ್ದು ಕ್ರೇನು ಬರುವುದಕ್ಕೂ ಮುಂಚೆ. ಆಗಿನ್ನೂ ನನಗೆ ಬುದ್ಧಿ ಬಂದಿರಲಿಲ್ಲ.

ಹೀಗಾಗಿ ಈಗ ಅರಕಲಗೂಡಿನಲ್ಲಿದ್ದೇನೆ. ನುಗ್ಗೆಮರ ಹಾಗೆಯೇ ಇದೆ. ಕಾಯಿಗಳು ತುದಿಯಲ್ಲೇ ಇವೆ. ನಮ್ಮ ನಡುವೆ ಮೊದಲಿದ್ದ ದೂರಕ್ಕೆ ಅಷ್ಟೇ ದೂರ ಸೇರಿದೆ. ಆದರೆ ಭಾನುವಾರ ಬೆಳಿಗ್ಗೆ ಇಲ್ಲಿಂದ ನಾನೊಂದು ಬಸ್ಸು, ಅಲ್ಲಿಂದ ಅವಳೊಂದು ಬಸ್ಸು ಹಿಡಿಯುತ್ತೇವೆ. ನಡುವೆ, ಆ ಹಳ್ಳದ ಸೇತುವೆಯ ಮೋಟುಗೋಡೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತೇವೆ. ಒಂದೊಂದು ಸಲ ದೊಡ್ಡಯ್ಯ ಆ ದಾರಿಯಲ್ಲಿ ಹೋಗುವವನು, “ಏನ್ ಸಾ, ತೊಲೆ ಗಟ್ಟಿಯಾಗೈತಾ ನೋಡಕ್ ಬಂದ್ರಾ?” ಎಂದು ಕೇಳುತ್ತಾನೆ. ನಾಲ್ಕು ಗಂಟೆಗೆ ಎರಡು ಬಸ್ಸುಗಳು ಎರಡು ಕಡೆಗೆ ಹೊರಡುತ್ತವೆ. ಸೇತುವೆ ಆದ ಮೇಲೆ ಬಸ್ಸುಗಳು ಹಳ್ಳದ ಬಳಿ ನಿಲ್ಲುವುದೇ ಇಲ್ಲ. ನಾವು ಕೈ ಅಡ್ಡ ಹಿಡಿದು ನಿಲ್ಲಿಸಬೇಕು. ಕಮಲ ತನ್ನ ಬಸ್ಸಿಗೆ ಕೈ ತೋರಿಸುವಾಗ, ಡ್ರೈವರನಿಗೆ ಕಾಣದಿದ್ದರೆ ಒಳ್ಳೆಯದೆಂದು ನಾನು ಪ್ರತಿ ವಾರವೂ ಬಯಸುತ್ತೇನೆ. ಅವನ ದೃಷ್ಟಿ ಬಹಳ ಚೆನ್ನಾಗಿದೆ.

ಹೊಸ ಅರ್ಜಿಯನ್ನು ಬರೆಯಬೇಕೆಂದು ಅವಳು ಹೇಳಿದ್ದಾಳೆ. ಈ ಸಲ ನಮೂನೆಯನ್ನು ಬದಿಗಿಟ್ಟು, ದೂರವನ್ನೂ ದಿಕ್ಕನ್ನೂ ಬಿಡಿಸಿ ಬರೆಯಬೇಕೆಂದು ಬಿಳಿಯ ಹಾಳೆಗಳನ್ನು ತೆಗೆದುಕೊಂಡು ಕುಳಿತೆ. ಬರೆಯುತ್ತ ಬರೆಯುತ್ತ ಅದರಲ್ಲಿ ನುಗ್ಗೆಮರ ಬಂದಿತು, ಕ್ರೇನು ಬಂದಿತು, ಬೂದುಬಣ್ಣದ ಸೀರೆಯೂ ಬಂದಿತು. ಅರ್ಜಿಯಾಗಬೇಕಾದದ್ದು ಈ ಪ್ರಬಂಧವಾಗಿ ಮುಗಿದಿದೆ. ಇದನ್ನು ಹಾಸನದ ಕಚೇರಿಗೆ ಕಳುಹಿಸುವಂತಿಲ್ಲ. ಭಾನುವಾರ ಕಮಲಳಿಗೆ ಓದಿ ಹೇಳಬೇಕೆಂದಿದ್ದೇನೆ. ಎಲ್ಲವನ್ನೂ ಕೇಳಿದ ಮೇಲೆ ಅವಳು, “ಅರ್ಜಿ ಎಲ್ಲಿ?” ಎಂದು ಕೇಳುವುದು ಖಂಡಿತ. ಅಷ್ಟರೊಳಗೆ ಅವಳ ಬಸ್ಸು ಬಂದಿರುತ್ತದೆಂದು ಮೊದಲ ಬಾರಿಗೆ ಬಸ್ಸನ್ನು ನಂಬಿಕೊಂಡಿದ್ದೇನೆ.